ಹದಿನೆಂಟು ವರ್ಷದ ಉರಿ

ಭರಮಣ್ಣ ಕಮ್ಮಾರ ರಬ್ಬರಿನ ದಿಂಡಿನ ಮೇಲೆ ಗದ್ದವನ್ನೂರಿ ವಯೋಮಾಪಕದ ಕಿಂಡಿಯೊಳಗೆ ಇಣುಕಿದ. ಒಳಗೆ ಹಳದಿ ಬೆಳಕಿನ ಒಂದು ಚುಕ್ಕೆ ಕಾಣಿಸಿತು. ರೆಪ್ಪೆ ಬಡಿಯಬೇಡಿ ಎಂದು ಯಂತ್ರ ಹೇಳಿತು. ಕೆಮ್ಮು ಬಂದುಬಿಟ್ಟೀತೆಂಬ ಭಯದಿಂದ ಅವನು ಉಸಿರನ್ನೂ ಬಿಗಿಹಿಡಿದ. ಬಲಗಣ್ಣಿಗೆ ಆರು ಸೆಕೆಂಡು, ಎಡಗಣ್ಣಿಗೆ ಆರು ಸೆಕೆಂಡು. ಬೆಳಗಾವಿಯ ಆ ಆಸ್ಪತ್ರೆಯ ಗೋಡೆಯ ಮೇಲಿನ ಪರದೆಯಲ್ಲಿ ಅಂಕಿಗಳು ಮೂಡಿದವು: ಅರವತ್ತನಾಲ್ಕು ವರ್ಷ, ಎರಡು ತಿಂಗಳು.

"ಸಾಹೇಬ್ರ, ಇನ್ನೊಮ್ಮೆ ನೋಡ್ರಿ," ಎಂದ ಭರಮಣ್ಣ. "ನನಗ ನಲವತ್ತಾರ ವರ್ಷ."

ಮೇಜಿನ ಹಿಂದಿದ್ದ ಗುಮಾಸ್ತ ಇನ್ನೊಮ್ಮೆ ಅಳೆದ. ಅದೇ ಅಂಕಿ ಬಂತು. "ಕಾಗದ ಸುಳ್ಳ ಹೇಳ್ತಾವಪಾ, ಕಣ್ಣ ಹೇಳೂದಿಲ್ಲ," ಎಂದು ಅರ್ಜಿಯ ಮೇಲೆ ಕೆಂಪು ಮೊಹರು ಒತ್ತಿದ.

ಭರಮಣ್ಣ ಹದಿನಾರನೆಯ ವಯಸ್ಸಿನಿಂದ ಎರಕದ ಕಾರ್ಖಾನೆಯೊಂದರ ಕುಲುಮೆಯ ಬಾಯಿಯಲ್ಲಿ ನಿಂತು ಕರಗಿದ ಕಬ್ಬಿಣವನ್ನು ಅಚ್ಚುಗಳಿಗೆ ಸುರಿಯುತ್ತ ಬಂದವನು. ಅಚ್ಚಿನ ಮರಳಿನ ಧೂಳು ಮೂವತ್ತು ವರ್ಷಗಳಲ್ಲಿ ಅವನ ಎರಡೂ ಶ್ವಾಸಕೋಶಗಳನ್ನು ಕಲ್ಲಾಗಿಸಿತ್ತು. ರೋಗಿಯ ಸ್ವಂತ ಜೀವಕೋಶಗಳಿಂದಲೇ ಹೊಸ ಶ್ವಾಸಕೋಶವನ್ನು ಬೆಳೆಸಿ ಜೋಡಿಸುವ ವಿದ್ಯೆ ಆಗ ಬಂದಿತ್ತು. ಆದರೆ ಬೆಳೆಸುವ ತೊಟ್ಟಿಗಳು ಕಡಿಮೆ, ಕಾಯುವವರು ಹೆಚ್ಚು. ಆದ್ದರಿಂದ ಐವತ್ತೈದು ದಾಟಿದವರ ಹೆಸರನ್ನು ಪಟ್ಟಿಗೆ ಸೇರಿಸುತ್ತಿರಲಿಲ್ಲ.

ವಯಸ್ಸಿಗೆ ದಾಖಲೆ ಸಾಲದೆ ಎಂದು ಕೇಳಬಹುದು. ಅದು ಯಾವ ದಾಖಲೆಯನ್ನಾದರೂ ಯಾರು ಬೇಕಾದರೂ ಮನೆಯಲ್ಲಿ ಕುಳಿತೇ ಸೃಷ್ಟಿಸಬಹುದಾದ ಕಾಲ. ಜನನ ಪತ್ರ, ಶಾಲೆಯ ರಿಜಿಸ್ಟರು, ಹಳೆಯ ಫೋಟೋ, ಯಾವುದಕ್ಕೂ ಬೆಲೆ ಉಳಿದಿರಲಿಲ್ಲ. ಆ ಗೊಂದಲವನ್ನು ಕೊನೆಗಾಣಿಸಿದ್ದು ವಯೋಮಾಪಕ. ಮನುಷ್ಯನ ದೇಹವೇ ಅವನ ದಾಖಲೆ ಎಂದು ಸರ್ಕಾರ ಕಾಯ್ದೆ ಮಾಡಿತು. ಪಿಂಚಣಿ, ಮದುವೆ, ಮತದಾನ, ಚಿಕಿತ್ಸೆ, ಎಲ್ಲದಕ್ಕೂ ಕಣ್ಣು ಹೇಳಿದ್ದೇ ವಯಸ್ಸಾಯಿತು.

ಆ ಯಂತ್ರವನ್ನು ರೂಪಿಸಿದ ಮೂವರು ವಿಜ್ಞಾನಿಗಳಲ್ಲಿ ಡಾ. ಮಂದಾಕಿನಿ ಅರಸ್ ಒಬ್ಬರು. ಮೈಸೂರಿನವರು. ಕಾಯ್ದೆ ಬಂದ ಮೇಲೆ ಯಂತ್ರಗಳನ್ನು ತಪಾಸಣೆ ಮಾಡುವ ಪ್ರಯೋಗಾಲಯದ ಮುಖ್ಯಸ್ಥೆಯಾಗಿ ಬೆಳಗಾವಿಗೆ ಬಂದಿದ್ದರು. ಭರಮಣ್ಣನ ಅರ್ಜಿ ತಿರಸ್ಕೃತವಾದ ನಾಲ್ಕನೆಯ ದಿನ ಬೆಳಿಗ್ಗೆ ಇಪ್ಪತ್ತೆರಡು ವರ್ಷದ ಯುವತಿಯೊಬ್ಬಳು ಮುದುಕಿಯೊಬ್ಬಳ ಕೈಹಿಡಿದುಕೊಂಡು ಅವರ ಕೋಣೆಗೆ ಬಂದಳು.

"ನಾ ಕಸ್ತೂರಿ ಅಂತ. ಭರಮಣ್ಣನ ಮಗಳು. ಅಪ್ಪ ದುಡ್ಯೂ ಕಾರ್ಖಾನ್ಯಾಗ ನಾನೂ ದುಡೀತೇನ್ರಿ. ಈಕಿ ನಮ್ಮಜ್ಜಿ, ಅಪ್ಪನ್ನ ಹಡದಾಕಿ. ಈಕಿ ಕಣ್ಣ ಒಂದೀಟ ಅಳೀರಿ."

"ಯಾತಕ್ಕಮ್ಮ? ಇವರಿಗೆ ಯಾವ ಚಿಕಿತ್ಸೆ ಬೇಕಾಗಿದೆ?"

"ಏನೂ ಬ್ಯಾಡ್ರಿ. ಸುಮ್ನ ಅಳೀರಿ."

ಮಂದಾಕಿನಿ ಮುದುಕಿಯನ್ನು ಯಂತ್ರದ ಮುಂದೆ ಕೂರಿಸಿದರು. ಅರವತ್ತೇಳು ವರ್ಷ, ಒಂದು ತಿಂಗಳು ಎಂದು ಬಂತು. ಕಸ್ತೂರಿ ತಂದೆಯ ತಿರಸ್ಕೃತ ಅರ್ಜಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ಮಂದಾಕಿನಿ ಎರಡೂ ಅಂಕಿಗಳನ್ನು ನೋಡಿದರು.

ಮುದುಕಿಯೇ ಮಾತಾಡಿದಳು. "ಮೂರ ವರ್ಷದ ಕೂಸಿದ್ದಾಗ ನಾ ನನ್ನ ಮಗನ್ನ ಹಡದೇನೇನವಾ?"

ಅದರಲ್ಲಿ ವ್ಯಂಗ್ಯವಿರಲಿಲ್ಲ. ಕಲಿತವರ ಯಂತ್ರ ತಪ್ಪಲಾರದೆಂದು ಅವಳೂ ನಂಬಿದ್ದಳು. ಹಾಗಿದ್ದರೆ ತನ್ನ ಲೆಕ್ಕ ಎಲ್ಲಿ ತಪ್ಪಿತು ಎಂದು ಕೇಳುತ್ತಿದ್ದಳು.

ಮರುದಿನ ಮಂದಾಕಿನಿ ಹನ್ನೊಂದು ವರ್ಷಗಳ ಹಿಂದಿನ ಮೂಲ ಕಡತಗಳನ್ನು ತರಿಸಿದರು. ಯಂತ್ರಕ್ಕೆ ವಯಸ್ಸನ್ನು ಕಲಿಸಲು ಅವರು ನಲವತ್ತು ಸಾವಿರ ಜನರ ಕಣ್ಣುಗಳನ್ನು ಅಳೆದಿದ್ದರು. ಶಿಕ್ಷಕರು, ಗುಮಾಸ್ತರು, ವಿದ್ಯಾರ್ಥಿಗಳು, ಸೈನಿಕರು. ಅವರ ಅಂಕಿಗಳೆಲ್ಲ ಒಂದು ನೇರ ಗೆರೆಯ ಮೇಲೆ ಬಂದು ಕುಳಿತಿದ್ದವು. ಐವತ್ಮೂರು ಚುಕ್ಕೆಗಳು ಮಾತ್ರ ಗೆರೆಯಿಂದ ಬಹಳ ಮೇಲಿದ್ದವು. ಅವರೆಲ್ಲ ಇಟ್ಟಿಗೆ ಸುಡುವವರು, ಗಾಜು ಊದುವವರು, ಎರಕ ಹೊಯ್ಯುವವರು. ಆ ಐವತ್ಮೂರರ ಮೇಲೂ ಅಡ್ಡಗೆರೆ ಎಳೆದಿತ್ತು. ಪಕ್ಕದಲ್ಲಿ ಒಂದು ಟಿಪ್ಪಣಿ: 'ಇವರು ಹೇಳುವ ಜನ್ಮದಿನಾಂಕ ನಂಬಲರ್ಹವಲ್ಲ. ಕೈಬಿಡಲಾಗಿದೆ.' ಅಕ್ಷರ ಮಂದಾಕಿನಿಯವರದೇ.

ಆ ಟಿಪ್ಪಣಿ ಬರೆದದ್ದು ಅವರಿಗೆ ನೆನಪಾಗಲಿಲ್ಲ. ಬಹುಶಃ ಊಟಕ್ಕೆ ಮೊದಲು ಮುಗಿಸಬೇಕಾದ ಹತ್ತು ಕೆಲಸಗಳಲ್ಲಿ ಅದೂ ಒಂದಾಗಿದ್ದೀತು.

ಅಂದು ಮಧ್ಯಾಹ್ನವೇ ಅವರು ಕಸ್ತೂರಿಯ ಜೊತೆ ಕಾರ್ಖಾನೆಗೆ ಹೋದರು. ಕುಲುಮೆಯ ಬಾಯಿ ತೆರೆದಾಗ ಹತ್ತು ಅಡಿ ದೂರದಲ್ಲಿದ್ದ ಅವರ ಮುಖದ ಚರ್ಮ ಬಿಗಿದುಕೊಂಡಿತು, ಕಣ್ಣು ತಾನಾಗಿ ಮುಚ್ಚಿತು. ಕುಲುಮೆಯ ಬಳಿ ಇದ್ದವರು ಯಾರೂ ಕಣ್ಣು ಮುಚ್ಚಿರಲಿಲ್ಲ. ಕಬ್ಬಿಣದ ಬಣ್ಣ ನೋಡಿಯೇ ಅದರ ಹದವನ್ನು ತಿಳಿಯಬೇಕಾಗಿದ್ದರಿಂದ ಕಪ್ಪು ಕನ್ನಡಕವನ್ನು ಹಣೆಗೇರಿಸಿಕೊಂಡೇ ಕೆಲಸ ಮಾಡುತ್ತಿದ್ದರು.

"ಕಸ್ತೂರಿ, ನಿಮ್ಮಲ್ಲಿ ಎಡಕ್ಕೆ ತಿರುಗುವ ಬೋಲ್ಟು, ಬಲಕ್ಕೆ ತಿರುಗುವ ಬೋಲ್ಟು ಅಂತ ಬೇರೆ ಬೇರೆ ಇರುತ್ತಲ್ಲವಾ?" ಎಂದು ಕೇಳಿದರು ಮಂದಾಕಿನಿ, ಹೊರಗೆ ಬೇವಿನ ಮರದ ಕೆಳಗೆ ಕುಳಿತಾಗ.

"ಅದಾವ್ರಿ. ಒಂದರ ನಟ್ಟ ಇನ್ನೊಂದಕ್ಕ ಕೂಡೂದಿಲ್ಲ."

"ನಮ್ಮ ಮೈಯಲ್ಲಿರೋ ಪ್ರೋಟೀನಿನ ಅಣುಗಳೂ ಹಾಗೇ. ಹುಟ್ಟಿದಾಗ ಎಲ್ಲ ಎಡಮುಖದವು. ವರ್ಷ ಕಳೆದ ಹಾಗೆ ಒಂದೊಂದಾಗಿ ಬಲಮುಖಕ್ಕೆ ಹೊರಳ್ತಾವೆ. ಬೇರೆ ಕಡೆ ಹಳೇ ಪ್ರೋಟೀನು ಹೋಗಿ ಹೊಸದು ಬರುತ್ತೆ. ಕಣ್ಣಿನ ಮಸೂರದ ಒಳತಿರುಳು ಮಾತ್ರ ತಾಯಿ ಹೊಟ್ಟೆಯಲ್ಲಿ ಆದದ್ದೇ ಕೊನೇವರೆಗೂ ಇರುತ್ತೆ."

"ಹೊರಳಿದ್ದು ಹೆಂಗ ಗೊತ್ತಾಗತೈತ್ರಿ? ಅಷ್ಟ ಸಣ್ಣವು ಕಾಣತಾವೇನು?"

"ಕಾಣಲ್ಲ. ಬೆಳಕಿನ ಅಲೆ ಎಲ್ಲ ದಿಕ್ಕಿಗೂ ಕುಣೀತಿರುತ್ತೆ. ಅದನ್ನ ಒಂದೇ ದಿಕ್ಕಿಗೆ ಕುಣಿಯೋ ಹಾಗೆ ಸೋಸಿ ಒಳಗೆ ಬಿಡ್ತೀವಿ. ಎಡಮುಖದ ಅಣು ಆ ದಿಕ್ಕನ್ನ ಒಂದು ಕಡೆಗೆ ತಿರುಗಿಸುತ್ತೆ, ಬಲಮುಖದ್ದು ಇನ್ನೊಂದು ಕಡೆಗೆ. ಒಟ್ಟು ಎಷ್ಟು ತಿರುಗಿತು ಅಂತ ಅಳೆದರೆ ಎಷ್ಟು ಹೊರಳಿವೆ ಅಂತ ತಿಳಿಯುತ್ತೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲಲ್ಲಿ ಸಕ್ಕರೆ ಎಷ್ಟಿದೆ ಅಂತ ಅಳೆಯೋದೂ ಹೀಗೇ."

ಕಸ್ತೂರಿ ಕುಲುಮೆಯ ಕಡೆ ತಿರುಗಿ ನೋಡಿದಳು. "ಕಾವ ಹತ್ತಿದ್ರ ಲಗೂನ ಹೊರಳತಾವೇನ್ರಿ?" ಎಂದು ಕೇಳಿದಳು.

ಹನ್ನೊಂದು ವರ್ಷ ಯಾರೂ ಕೇಳದ ಪ್ರಶ್ನೆ ಅದು. ರಸಾಯನಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಗೂ ಅದರ ಉತ್ತರ ಗೊತ್ತು.

"ಹೌದು," ಎಂದರು ಮಂದಾಕಿನಿ. "ಬಹಳ ಬೇಗ."

ಯಂತ್ರ ಭರಮಣ್ಣನ ಕಣ್ಣನ್ನು ಸರಿಯಾಗಿಯೇ ಓದಿತ್ತು. ಮೂವತ್ತು ವರ್ಷ ಕುಲುಮೆಯ ಮುಂದೆ ಬೆಂದ ಆ ಮಸೂರಕ್ಕೆ ನಿಜಕ್ಕೂ ಅರವತ್ತನಾಲ್ಕು ವರ್ಷವಾಗಿತ್ತು. ಅವನಿಗಾಗಿರಲಿಲ್ಲ.

ಅದನ್ನು ಸಾಬೀತುಪಡಿಸಲು ಬೆಂಕಿ ತಟ್ಟದ ಇನ್ನೊಂದು ಗಡಿಯಾರ ಬೇಕಿತ್ತು. ಹಲ್ಲಿನ ಒಳಗಿನ ದಂತದ್ರವ್ಯವೂ ಮಸೂರದ ತಿರುಳಿನಂತೆ ಬದಲಾಗದೆ ಉಳಿಯುತ್ತದೆ. ದವಡೆಯ ಹಿಂದಿನ ಹಲ್ಲು ಬಾಯಿಯೊಳಗೆ ಮೈಯ ಸಹಜ ಶಾಖದಲ್ಲೇ ಇರುತ್ತದೆ. ಕುಲುಮೆಯ ಉರಿ ಅಲ್ಲಿಗೆ ಮುಟ್ಟುವುದಿಲ್ಲ. ಆದರೆ ಅದನ್ನು ಅಳೆಯಬೇಕಾದರೆ ಹಲ್ಲನ್ನು ಕೀಳಬೇಕು.

ಭರಮಣ್ಣ ಒಪ್ಪಿದ. ಹಲ್ಲು ಕೀಳಿಸಿಕೊಂಡ ಬಾಯಿಗೆ ಹತ್ತಿ ಕಚ್ಚಿಕೊಂಡೇ ಪ್ರಯೋಗಾಲಯಕ್ಕೆ ಬಂದು ಕುಳಿತ. ಮಂದಾಕಿನಿಯವರಿಗೆ ಹಲ್ಲನ್ನು ಪುಡಿಮಾಡಿ, ಆಮ್ಲದಲ್ಲಿ ಕರಗಿಸಿ, ಬೇಕಾದ ಒಂದೇ ಅಮೈನೋ ಆಮ್ಲವನ್ನು ಬೇರ್ಪಡಿಸಲು ಮೂರು ದಿನ ಹಿಡಿಯಿತು. ಮೂರು ದಿನವೂ ಅವನು ಬಂದ. ಮನೆಯಲ್ಲಿ ಮಲಗಿದರೆ ಉಸಿರು ಕಟ್ಟುತ್ತದೆ, ಇಲ್ಲಿ ಕುಳಿತರೆ ಮೇಲು ಎಂದ.

ಪ್ರಯೋಗಾಲಯದ ಕಪಾಟಿನಲ್ಲಿ ಬೆಳಕಿನ ತಿರುಗುವಿಕೆಯನ್ನು ಅಳೆಯುವ ಹಿತ್ತಾಳೆಯ ಹಳೆಯ ಧ್ರುವಣಮಾಪಕ ಒಂದಿತ್ತು. ಉದ್ದನೆಯ ಗಾಜಿನ ಕೊಳವೆ, ಒಂದು ತುದಿಯಲ್ಲಿ ಸೋಡಿಯಂ ದೀಪ, ಇನ್ನೊಂದು ತುದಿಯಲ್ಲಿ ಕೈಯಿಂದ ತಿರುಗಿಸುವ ಚಕ್ರ. ಮಂದಾಕಿನಿ ದ್ರಾವಣವನ್ನು ಕೊಳವೆಗೆ ತುಂಬಿ ಚಕ್ರವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಿದರು. ನೋಟದ ಎಡಭಾಗವೂ ಬಲಭಾಗವೂ ಒಂದೇ ಹೊಳಪಿಗೆ ಬಂದಾಗ ನಿಲ್ಲಿಸಿ ಕೋನವನ್ನು ಓದಿದರು. ಹತ್ತು ಸಲ ಓದಿ ಸರಾಸರಿ ತೆಗೆದರು.

"ನಲವತ್ತಾರು. ನಾಲ್ಕು ತಿಂಗಳು ಹೆಚ್ಚೂಕಡಿಮೆ."

ಭರಮಣ್ಣನ ಮುಖ ಅರಳಿತು. ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ ಹೇಳಿದ, "ನಡುವ ನಡುವ ನನಗs ಸಂಶೆ ಬರತಿತ್ತ್ರಿ ಬಾಯಾರ. ಮಾಳಿಗಿ ಹತ್ತಾಕ ಆಗೂದಿಲ್ಲ, ಎರಡ ಹೆಜ್ಜಿ ಇಟ್ರ ತೇಕ ಹತ್ತತೈತಿ. ಅವ್ವ ಏನರ ತಪ್ಪ ಹೇಳ್ಯಾಳೇನೋ, ನಾ ಖರೇನ ಮುದುಕ ಇದ್ದರೂ ಇರಬಹುದು ಅಂತ."

"ಇಲ್ಲ ಭರಮಣ್ಣ. ನೀವು ನನಗಿಂತ ಐದು ವರ್ಷ ಚಿಕ್ಕವರು."

"ಹಂಗಾರ ಈಗ ಪಟ್ಟ್ಯಾಗ ಹೆಸರ ಹತ್ತತೈತೇನ್ರಿ?"

ಹತ್ತುತ್ತದೆ ಎಂದು ಮಂದಾಕಿನಿ ಮಾತು ಕೊಟ್ಟರು.

ಮೇಲ್ಮನವಿ ಸಮಿತಿಯಲ್ಲಿ ಐವರಿದ್ದರು. ವರದಿಯನ್ನು ಗಮನವಿಟ್ಟೇ ಓದಿದ್ದರು, ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ಕಾಯ್ದೆ ಮಸೂರದ ಅಳತೆಯನ್ನು ಮಾತ್ರ ಒಪ್ಪುತ್ತದೆ ಎಂದು ಅಧ್ಯಕ್ಷರು ವಿವರಿಸಿದರು. ಒಂದು ಹಲ್ಲಿನಿಂದ ಕಾಯ್ದೆಯನ್ನು ಬದಲಾಯಿಸಲಾಗದು. ಕೊನೆಯಲ್ಲಿ ಕೇಳಿದರು, "ಡಾಕ್ಟರೇ, ಈ ಯಂತ್ರ ತಪ್ಪು ಮಾಡೋದೇ ಇಲ್ಲ ಅಂತ ಸಂಸತ್ತಿನ ಸಮಿತಿ ಮುಂದೆ ಪ್ರಮಾಣ ಮಾಡಿ ಹೇಳಿದವರು ನೀವೇ ಅಲ್ಲವೇ?"

"ನಾನೇ."

"ಆಗ ತಪ್ಪಿದ್ದೀರೋ ಈಗ ತಪ್ಪಿದ್ದೀರೋ ನಮಗೆ ಹೇಗೆ ತಿಳಿಯಬೇಕು? ಕನಿಷ್ಠ ಮೂವತ್ತು ಮಾದರಿಗಳನ್ನು ತನ್ನಿ."

ಮಂದಾಕಿನಿ ಬರಿಗೈಯಲ್ಲಿ ಹೊರಬಂದು ಕಾಯುತ್ತಿದ್ದ ಕಸ್ತೂರಿಗೆ ವಿಷಯ ತಿಳಿಸಿದರು. ಮೂವತ್ತು ಜನ ಆರೋಗ್ಯವಂತರ ಹಲ್ಲನ್ನು ಕೀಳಿಸುವುದೆಂದರೆ ಯಾವ ನೀತಿ ಸಮಿತಿಯೂ ಒಪ್ಪುವುದಿಲ್ಲ, ಕೇಳಲು ತನಗೂ ಬಾಯಿಲ್ಲ ಎಂದರು. ಕಸ್ತೂರಿ ಬಸ್ಸು ಹತ್ತಿದಳು.

ಎರಡು ವಾರದ ಮೇಲೆ ಅವಳು ಸ್ಟೀಲಿನ ಊಟದ ಡಬ್ಬಿಯೊಂದನ್ನು ತಂದಳು. ಒಳಗೆ ಪುಟ್ಟ ಪುಟ್ಟ ಕಾಗದದ ಪೊಟ್ಟಣಗಳು, ಒಂದೊಂದರ ಮೇಲೂ ಹೆಸರು, ವಯಸ್ಸು, ಕುಲುಮೆಯಲ್ಲಿ ದುಡಿದ ವರ್ಷ. ಮೂವತ್ತೇಳು ಹಲ್ಲುಗಳಿದ್ದವು. ಕೆಲವು ಮೊದಲೇ ನೋಯುತ್ತಿದ್ದವು. ಹೆಚ್ಚಿನವು ಗಟ್ಟಿ ಹಲ್ಲುಗಳೇ.

"ಇಷ್ಟೊಂದು ಜನ ಹೇಗೆ ಒಪ್ಪಿದರು?"

"ಮಂದಿ ಅಪ್ಪನ್ನ ನೋಡಾಕ ಬರತಿದ್ರು. ಬಂದವ್ರೆಲ್ಲಾ ಕೇಳತಿದ್ರು, ನಮಗೇನರ ಮಾಡಾಕ ಆಗತೈತೇನು ಅಂತ. ನಾ ಹಲ್ಲ ಕೊಡ್ರಿ ಅಂದೆ."

ಒಂದೊಂದು ಹಲ್ಲಿಗೂ ಮೂರು ದಿನ ಬೇಕು. ನಾಲ್ಕು ನಾಲ್ಕು ಸೇರಿಸಿ ಮಾಡಿದರೂ ತಿಂಗಳು ಹಿಡಿಯಿತು. ಮಂದಾಕಿನಿ ರಜೆಯಿಲ್ಲದೆ ದುಡಿದರು. ಪ್ರತಿ ಹಲ್ಲೂ ಅದರ ಒಡೆಯ ಹೇಳಿದ ವಯಸ್ಸನ್ನೇ ಹೇಳಿತು. ಕುಲುಮೆಯ ಜನ ಯಾರೂ ಸುಳ್ಳು ಹೇಳಿರಲಿಲ್ಲ.

ಇಪ್ಪತ್ತೊಂಬತ್ತನೆಯ ಹಲ್ಲನ್ನು ಕರಗಿಸುತ್ತಿದ್ದ ಮಂಗಳವಾರ ಹನ್ನೊಂದು ಗಂಟೆಗೆ ಭರಮಣ್ಣ ತೀರಿಕೊಂಡ. ಅವನು ಅಂಗಳದ ಹೊರಸಿನ ಮೇಲೆ ಕುಳಿತೇ ಇದ್ದನಂತೆ. ಚಹಾ ಕೇಳಿದನಂತೆ. ತಾಯಿ ಒಳಗೆ ಹೋಗಿ ಚಹಾ ತರುವಷ್ಟರಲ್ಲಿ ಮುಗಿದಿತ್ತು. ಮಂದಾಕಿನಿ ಹೋದಾಗ ಮುದುಕಿ ಅವನ ಪಕ್ಕದಲ್ಲಿ ಕುಳಿತಿದ್ದಳು. ಅಳುತ್ತಿರಲಿಲ್ಲ. ಮರಣಪತ್ರ ಬರೆಯಲು ಬಂದ ವೈದ್ಯ ಯಂತ್ರದ ದಾಖಲೆ ನೋಡಿ ವಯಸ್ಸು ಅರವತ್ತನಾಲ್ಕು ಎಂದು ಬರೆದ. ಕಾಯ್ದೆ ಇನ್ನೂ ಬದಲಾಗಿರಲಿಲ್ಲ. ಮಂದಾಕಿನಿ ಎಷ್ಟು ಕೇಳಿಕೊಂಡರೂ ಅವನು ತಿದ್ದಲೊಪ್ಪಲಿಲ್ಲ.

ಉಳಿದ ಎಂಟು ಹಲ್ಲುಗಳನ್ನೂ ಅವರು ಅಳೆದರು. ಈ ಸಲ ಸಮಿತಿ ಮರುಮಾತಿಲ್ಲದೆ ಒಪ್ಪಿತು. ಪತ್ರಿಕೆಗಳು ಬರೆದವು, ಬೇರೆ ದೇಶಗಳ ಪ್ರಯೋಗಾಲಯಗಳೂ ಹೌದೆಂದವು, ಕಾಯ್ದೆಗೆ ತಿದ್ದುಪಡಿ ಬಂತು. ಕಣ್ಣಿನ ವಯಸ್ಸಿನಿಂದ ಹಲ್ಲಿನ ವಯಸ್ಸನ್ನು ಕಳೆದರೆ ಉಳಿಯುವುದಕ್ಕೆ 'ಉರಿ ಅಂತರ' ಎಂದು ಹೆಸರಿಟ್ಟರು. ಭರಮಣ್ಣನ ಉರಿ ಅಂತರ ಹದಿನೆಂಟು. ಒಬ್ಬ ಕಾರ್ಮಿಕ ಎಷ್ಟು ಬೆಂಕಿ ಉಂಡಿದ್ದಾನೆಂಬುದಕ್ಕೆ ಪ್ರಪಂಚದಲ್ಲಿ ಮೊದಲ ಬಾರಿಗೆ ಒಂದು ಅಂಕಿ ಸಿಕ್ಕಿತ್ತು. ಅಂತರ ಹತ್ತು ತಲುಪಿದವನಿಗೆ ಕಾರ್ಖಾನೆಯೇ ಜೀವಮಾನವಿಡೀ ಚಿಕಿತ್ಸೆ ಕೊಡಿಸಬೇಕು, ಶ್ವಾಸಕೋಶ ಕೆಟ್ಟರೆ ಪಟ್ಟಿಯಲ್ಲಿ ಅವನ ಹೆಸರನ್ನು ಮೊದಲು ಸೇರಿಸಬೇಕು ಎಂದು ತಿದ್ದುಪಡಿ ಹೇಳಿತು. ಪ್ರತಿ ವರ್ಷ ಪ್ರತಿ ಕುಲುಮೆಯ ಕಾರ್ಮಿಕನ ಕಣ್ಣನ್ನೂ ಅಳೆಯಬೇಕೆಂದೂ ಹೇಳಿತು. ಆ ಸಾಲುಗಳನ್ನು ಬರೆದುಕೊಟ್ಟವರು ಮಂದಾಕಿನಿ. ಬರೆಯುವಾಗ ಅವರಿಗೆ ಸ್ವಲ್ಪ ನೆಮ್ಮದಿಯೂ ಆಗಿತ್ತು.

ಎರಡು ವರ್ಷ ಕಳೆದ ಮೇಲೆ, ಒಂದು ಸೋಮವಾರ ಬೆಳಿಗ್ಗೆ, ಕಸ್ತೂರಿ ಮತ್ತೆ ಪ್ರಯೋಗಾಲಯಕ್ಕೆ ಬಂದಳು. ಇಪ್ಪತ್ತನಾಲ್ಕರ ಹುಡುಗಿ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡಿದ್ದಳು. ಕುರ್ಚಿಯಲ್ಲಿ ಕುಳಿತ ಮೇಲೆ ಒಣಕೆಮ್ಮು ಕೆಮ್ಮಿದಳು. ಆ ಸದ್ದಿನ ಗುರುತು ಮಂದಾಕಿನಿಗಿತ್ತು.

"ಯಾವಾಗಿನಿಂದ?"

"ಮೂರ ತಿಂಗಳಾತ್ರಿ. ದವಾಖಾನ್ಯಾಗ ಧೂಳ ಕುಂತೈತಿ ಅಂದ್ರು. ಉರಿ ಅಂತರದ ಕಾಗದ ತಗೊಂಡ ಬಾ, ಎಲ್ಲಾ ಪುಕಟ ಆಗತೈತಿ ಅಂದ್ರು. ಅದಕ್ಕ ಬಂದೇನ್ರಿ."

ಮಂದಾಕಿನಿ ಅವಳನ್ನು ಯಂತ್ರದ ಮುಂದೆ ಕೂರಿಸಿದರು. ಆರು ಸೆಕೆಂಡು, ಮತ್ತೆ ಆರು ಸೆಕೆಂಡು. ಪರದೆಯ ಮೇಲೆ ಸೊನ್ನೆ ಬಂತು. ಯಂತ್ರ ಕೆಟ್ಟಿತೇನೋ ಎಂದು ತಮ್ಮ ಕಣ್ಣನ್ನೇ ಇಟ್ಟು ನೋಡಿದರು. ಐವತ್ಮೂರು ಎಂದು ಸರಿಯಾಗಿಯೇ ತೋರಿಸಿತು. ಕಸ್ತೂರಿಯ ಕನ್ನಡಕ ತೆಗೆಸಿ ಕಣ್ಣಿಗೆ ದೀಪ ಹಿಡಿದರು. ಪಾಪೆಯ ಹಿಂದೆ ಪ್ಲಾಸ್ಟಿಕ್ಕಿನ ಹೊಳಪು.

"ಕಸ್ತೂರಿ, ನಿನಗೆ ಪೊರೆ ಬಂದಿತ್ತಾ?"

"ಇಲ್ರಿ."

"ಮತ್ತೆ ಮಸೂರ ಯಾಕೆ ತೆಗೆಸಿದೆ?"

ಕಸ್ತೂರಿ ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಹೇಳುವವಳಂತೆ ಹೇಳಿದಳು. ಅಂತರ ಹತ್ತಾದರೆ ಕಾರ್ಖಾನೆಯ ಮೇಲೆ ಹೊರೆ ಬೀಳುತ್ತದೆ. ಆದ್ದರಿಂದ ಎಂಟಾಗುತ್ತಲೇ ಕೆಲಸದಿಂದ ತೆಗೆಯುತ್ತಾರೆ. ಒಮ್ಮೆ ತೆಗೆದವರನ್ನು ಬೇರೆ ಕಾರ್ಖಾನೆಯವರೂ ಕರೆಯುವುದಿಲ್ಲ, ಅಂಕಿ ಎಲ್ಲರಿಗೂ ಕಾಣುತ್ತದೆ. ಹೊಸ ಕುಲುಮೆಯ ಕಾವು ಹೆಚ್ಚು, ಹೇಳಿದ ವಯಸ್ಸಿಗೆ ಹೋಲಿಸಿದರೆ ಅವಳದು ಆಗಲೇ ಏಳಾಗಿತ್ತು. ಅಷ್ಟರಲ್ಲಿ ಕಾರ್ಖಾನೆಯವರೇ ಭಾನುವಾರಗಳಂದು ಉಚಿತ ಕಣ್ಣಿನ ಶಿಬಿರ ಶುರುಮಾಡಿದರು. ಹುಟ್ಟುಮಸೂರ ತೆಗೆದು ಕೃತಕ ಮಸೂರ ಹಾಕುತ್ತಾರೆ. ಕೃತಕ ಮಸೂರದವರನ್ನು ಅಳೆಯಬೇಕಾಗಿಲ್ಲ, ಅವರ ಹಳೆಯ ಅಂಕಿಯೂ ರದ್ದು ಎಂದು ಕಾಯ್ದೆಯಲ್ಲೇ ಇದೆ. ಅವರನ್ನು ಕೆಲಸದಿಂದ ತೆಗೆಯುವುದಿಲ್ಲ.

"ನಿನ್ನ ಕಣ್ಣು ಚೆನ್ನಾಗಿತ್ತಲ್ಲ!"

"ಚೊಲೊ ಇತ್ತ್ರಿ. ಈಗ ಸೂಜಿಯಾಗ ದಾರ ಪೋಣಸಾಕ ಬರೂದಿಲ್ಲ. ಕೆಲಸ ಉಳೀತಲ್ರಿ."

ಆ ವಿನಾಯಿತಿಯನ್ನು ಬರೆದವರೂ ಮಂದಾಕಿನಿಯೇ. ಪೊರೆಯ ಶಸ್ತ್ರಚಿಕಿತ್ಸೆಯಾದ ವೃದ್ಧರಿಗೆ ತೊಂದರೆಯಾಗಬಾರದೆಂದು ಸೇರಿಸಿದ್ದ ಒಂದು ಸಾಲು.

"ಹಲ್ಲ ಅಳೀರಿ ಬಾಯಾರ," ಎಂದಳು ಕಸ್ತೂರಿ. "ಅಪ್ಪಂದು ಹಲ್ಲಿಂದನs ಗೊತ್ತಾತಲ್ಲ. ಇವತ್ತs ಕೀಳಿಸಿಕೊಂಡ ಬರತೇನಿ."

"ಹಲ್ಲು ನಿನ್ನ ವಯಸ್ಸು ಮಾತ್ರ ಹೇಳುತ್ತೆ. ನೀನು ಉಂಡ ಬೆಂಕಿ ಎಷ್ಟು ಅಂತ ಹೇಳೋದು ಕಣ್ಣು. ಎರಡೂ ಇದ್ದರೇನೇ ಅಂತರ."

"ತಗದ ಮಸೂರ ಎಲ್ಲೆರ ಇಟ್ಟಿರತಾರೇನ್ರಿ?"

ಮಂದಾಕಿನಿ ಶಿಬಿರದ ವೈದ್ಯರಿಗೆ ಫೋನು ಮಾಡಿದರು. ಮಸೂರವನ್ನು ಕಣ್ಣಿನೊಳಗೇ ಪುಡಿಮಾಡಿ ಹೀರಿ ತೆಗೆಯುತ್ತೇವೆ, ಇಡುವ ಪದ್ಧತಿಯಿಲ್ಲ ಎಂದು ಅವರು ಸೌಜನ್ಯದಿಂದಲೇ ಉತ್ತರಿಸಿದರು. ಈವರೆಗೆ ಎಷ್ಟು ಜನರಿಗೆ ಮಾಡಿದ್ದೀರಿ ಎಂದು ಕೇಳಿದರೆ, ಈ ಜಿಲ್ಲೆಯಲ್ಲಿ ನಾಲ್ಕು ಸಾವಿರ ದಾಟಿದೆ ಎಂದರು. ಮುಂದಿನ ತಿಂಗಳು ಇಟ್ಟಿಗೆ ಭಟ್ಟಿಗಳಲ್ಲೂ ಶುರುಮಾಡುತ್ತೇವೆ ಎಂದೂ ಸೇರಿಸಿದರು.

ಕಸ್ತೂರಿಗೆ ಫೋನಿನ ಮಾತು ಕೇಳಿಸಿರಬೇಕು. ಅವಳು ಕನ್ನಡಕ ಹಾಕಿಕೊಂಡು, ಮಡಿಸಿದ ಆಸ್ಪತ್ರೆಯ ಕಾಗದವನ್ನು ಬಿಚ್ಚಿ ನೋಡಿ, ಮತ್ತೆ ಮಡಿಸಿದಳು.

"ಹಂಗಾರ ನಾ ಬೆಂಕ್ಯಾಗ ನಿಂತದ್ದಕ್ಕ ಸಾಕ್ಷೀನs ಇಲ್ಲೇನ್ರಿ?"

ಮಂದಾಕಿನಿ ಯಂತ್ರವನ್ನು ಆರಿಸಿದರು.

ಕಸ್ತೂರಿ ಎದ್ದಳು. ಬಾಗಿಲ ತನಕ ಹೋಗಿ ನಿಂತಳು. "ಹೊರಗ ನಮ್ಮ ಕಾರ್ಖಾನ್ಯಾವ್ರು ಹನ್ನೊಂದ ಮಂದಿ ಕುಂತಾರ್ರಿ, ಇದs ಕಾಗದ ಹಿಡಕೊಂಡು. ನೀವ ಕೊಡತೀರಿ ಅಂತ ನಾನs ಕರಕೊಂಡ ಬಂದೇನಿ. ಅವ್ರಿಗೆ ನೀವs ಹೇಳ್ರಿ. ನನಗ ಆಗೂದಿಲ್ಲ."

ಪಡಸಾಲೆಯಿಂದ ಯಾರೋ ಕೆಮ್ಮಿದ್ದು ಕೇಳಿಸಿತು. ಹಿಂದೆಯೇ ಇನ್ನೊಬ್ಬರು. ಮಂದಾಕಿನಿ ಕುರ್ಚಿಯಿಂದೆದ್ದು ಬಾಗಿಲಿನತ್ತ ನಡೆದರು.